ಬೇಳೆಯಲ್ಲಿ ಸಿಕ್ಕ ವಿಷ, ದೇಹದಲ್ಲಿ ಸಿಗದ ಸುಳಿವು

ಬೆನ್ನುಹುರಿಗೆ ಎಷ್ಟು ಹಾನಿಯಾಗಿದೆ ಎಂಬುದನ್ನು ರಕ್ತಪರೀಕ್ಷೆಯಿಂದಲೇ ತಿಳಿಯಲು ಸಾಧ್ಯವೇ? ಇಂದು ಹಲವು ದೇಶಗಳ ಪ್ರಯೋಗಾಲಯಗಳು ಕೇಳುತ್ತಿರುವ ಈ ಪ್ರಶ್ನೆಗೆ ಹತ್ತಿರದ ಇನ್ನೊಂದು ಪ್ರಶ್ನೆ ಹೈದರಾಬಾದಿನ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿತ್ತು. ಅವರ ಮುಂದಿದ್ದ ಆರೋಪಿ ಕೇಸರಿ ಬೇಳೆ.

ಬರ ಬಂದರೂ ಕೇಸರಿ ಗಿಡ ಒಣಗುವುದಿಲ್ಲ, ಹೊಲದಲ್ಲಿ ನೀರು ನಿಂತರೂ ಕೊಳೆಯುವುದಿಲ್ಲ. ಬೇರೆ ಬೆಳೆ ಕೈಕೊಟ್ಟ ವರ್ಷ ಬಡವರ ಮನೆಯಲ್ಲಿ ಉಳಿಯುವುದು ಇದೊಂದೇ. ಕೆಲವು ತಿಂಗಳು ಇದನ್ನೇ ಮುಖ್ಯ ಆಹಾರವಾಗಿ ಉಂಡವರಲ್ಲಿ ಕೆಲವರ ಕಾಲುಗಳು ಸೆಟೆದುಕೊಳ್ಳುತ್ತವೆ. ಮೊದಲು ಒಂದು ಕೋಲು, ಆಮೇಲೆ ಎರಡು, ಕೊನೆಗೆ ತೆವಳುವ ಸ್ಥಿತಿ. ಬುದ್ಧಿಗೆ ಏನೂ ಆಗುವುದಿಲ್ಲ. ಮಿದುಳಿನ ಆಜ್ಞೆಯನ್ನು ಕಾಲುಗಳಿಗೆ ಒಯ್ಯುವ ನರತಂತುಗಳು ಬೆನ್ನುಹುರಿಯಲ್ಲಿ ನಾಶವಾಗಿರುತ್ತವೆ, ಅವು ಮತ್ತೆ ಚಿಗುರುವುದಿಲ್ಲ. ಸಾಗರ ಪ್ರದೇಶದಲ್ಲಿ 1829ರಿಂದ ಬೆಳೆ ಹಾಳಾದ ಮೇಲೆ ಯುವಕರು ಹೀಗೆ ಕಾಲು ಕಳೆದುಕೊಂಡದ್ದನ್ನು ಬ್ರಿಟಿಷ್ ಅಧಿಕಾರಿ ಸ್ಲೀಮನ್ 1844ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. 1873ರಲ್ಲಿ ಇಟಲಿಯ ವೈದ್ಯ ಕಂತಾನಿ ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರಿಟ್ಟ.

ರೋಗ ಎಲ್ಲರನ್ನೂ ಸಮನಾಗಿ ಹಿಡಿಯಲಿಲ್ಲ. ಮಧ್ಯಪ್ರದೇಶದ ರೇವಾ ಭಾಗದಲ್ಲಿ ಜಮೀನ್ದಾರರು ಜೀತದಾಳುಗಳಿಗೆ ಕೂಲಿಯನ್ನು ಕೇಸರಿ ಕಾಳಿನಲ್ಲೇ ಅಳೆದು ಕೊಡುತ್ತಿದ್ದರು. ಗೋಧಿ, ಅಕ್ಕಿ ಜೊತೆಗಿದ್ದ ಮನೆಗಳಲ್ಲಿ ಅದೇ ಬೇಳೆ ಅಷ್ಟು ಕೇಡು ಮಾಡಲಿಲ್ಲ.

1961ರಲ್ಲಿ ಸರ್ಕಾರ ಅದರ ಮಾರಾಟವನ್ನು ನಿಷೇಧಿಸಿದಾಗ ವಿಷ ಯಾವುದು ಎಂಬುದು ಇನ್ನೂ ಖಚಿತವಾಗಿರಲಿಲ್ಲ. ಅದನ್ನು ಬೇರ್ಪಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಕಾಳಿನಿಂದ ತೆಗೆದ ಒಂದು ಅಮೈನೊ ಆಮ್ಲವನ್ನು ಕೋಳಿಮರಿಗಳಿಗೆ ಚುಚ್ಚಿ ನೋಡಿದರು. ಮರಿಗಳ ಕತ್ತು ತಿರುಚಿಕೊಂಡಿತು. 1964ರಲ್ಲಿ ಅದರ ರಚನೆ ಪ್ರಕಟವಾಯಿತು. ಅದೇ ವರ್ಷ ದೆಹಲಿಯ ಇನ್ನೊಂದು ತಂಡವೂ ಅದೇ ವಸ್ತುವನ್ನು ವರದಿ ಮಾಡಿತು. ಅದರ ಉದ್ದನೆಯ ಹೆಸರು ಚಿಕ್ಕದಾಗಿ ಒಡಾಪ್ ಆಯಿತು.

ಕಥೆ ಹೈದರಾಬಾದಿಗೆ ಬರುವುದು ಇಲ್ಲಿಂದ. ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯ 1958ರಲ್ಲಿ ಆ ನಗರಕ್ಕೆ ಸ್ಥಳಾಂತರಗೊಂಡಿತ್ತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1966ರಲ್ಲಿ ಸರಳ ಉಪಾಯವೊಂದನ್ನು ಮುಂದಿಟ್ಟರು: ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ವಿಷದ ಬಹುಪಾಲು ಹೋಗುತ್ತದೆ. ನೀರು, ಸೌದೆ ಎರಡಕ್ಕೂ ಪರದಾಡುವ ಮನೆಗೆ ಈ ಸರಳ ಉಪಾಯವೂ ದುಬಾರಿಯೇ. ಜೊತೆಗೆ ಕೆಲವು ಜೀವಸತ್ವಗಳೂ ನೀರಿನ ಪಾಲಾಗುತ್ತವೆ. ಮುಂದೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಸೇರಿದ ರಾವ್, ಬಣ್ಣದ ಗಾಢತೆಯಿಂದ ಒಡಾಪ್‌ನ ಪ್ರಮಾಣ ಅಳೆಯುವ ವಿಧಾನವನ್ನು 1978ರಲ್ಲಿ ಪ್ರಕಟಿಸಿದರು. ಯಾವ ತಳಿಯಲ್ಲಿ ವಿಷ ಕಡಿಮೆ ಎಂದು ನೋಡಲು ತಳಿ ವಿಜ್ಞಾನಿಗಳಿಗೆ ಅದು ಅಳತೆಗೋಲಾಯಿತು.

ಕಾಳಿನಲ್ಲಿ ವಿಷವನ್ನು ಅಳೆಯುವುದು ಹೀಗೆ ಸಾಧ್ಯವಾಯಿತು. ಉಂಡ ಮನುಷ್ಯನಲ್ಲಿ? 2004ರಲ್ಲಿ ರಾವ್ ತಂಡ ಪ್ರಕಟಿಸಿದ ಅಧ್ಯಯನದ ಉತ್ತರ ವಿಚಿತ್ರವಾಗಿತ್ತು. ಪ್ರಯೋಗಪ್ರಾಣಿಗಳ ಮೂತ್ರದಲ್ಲಿ ಒಡಾಪ್ ಗಣನೀಯವಾಗಿ ಸಿಗುತ್ತದೆ, ಮನುಷ್ಯರ ಮೂತ್ರದಲ್ಲಿ ತೀರಾ ಅಲ್ಪ. ಮಾನವ ದೇಹ ಅದನ್ನು ಬಹುಮಟ್ಟಿಗೆ ಒಡೆದುಹಾಕುತ್ತಿರಬೇಕು. ಈ ಬೇಳೆ ತಿಂದವರಲ್ಲಿ ಹೆಚ್ಚಿನವರು ಪಾರಾಗುವುದಕ್ಕೆ ಅದೇ ಕಾರಣವಿರಬಹುದು ಎಂದು ತಂಡ ಸೂಚಿಸಿತು. ಆದರೆ ಅದೇ ಗುಣ ಇನ್ನೊಂದು ದಾರಿಯನ್ನು ಮುಚ್ಚುತ್ತದೆ. ನಾಳೆ ಕಾಲು ಕಳೆದುಕೊಳ್ಳುವವನು ಯಾರು ಎಂದು ಹೇಳುವಷ್ಟು ಸುಳಿವು ದೇಹ ಹೊರಹಾಕುವ ಒಡಾಪ್‌ನಲ್ಲಿ ಸಿಗುವುದು ಕಷ್ಟ.

ಈಚಿನ ರಕ್ತಪರೀಕ್ಷೆಗಳು ಹುಡುಕುವುದು ವಿಷವನ್ನಲ್ಲ, ಹಾನಿಯ ಗುರುತನ್ನು. ನರತಂತು ಒಡೆದಾಗ ಅದರೊಳಗಿನ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅದರ ಮಟ್ಟ ಗಾಯದ ತೀವ್ರತೆಗೆ ಹೊಂದುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಪಘಾತದ ಗಾಯಾಳುವಿಗೆ ಇದು ನೆರವಾದೀತು, ಅಲ್ಲಿ ಪೆಟ್ಟು ಆಗಲೇ ಬಿದ್ದಾಗಿದೆ. ಕೇಸರಿ ಬೇಳೆ ಉಣ್ಣುವವನಲ್ಲಿ ಈ ಪ್ರೋಟೀನು ಏರುವ ಹೊತ್ತಿಗೆ ನರ ಸತ್ತಿರುತ್ತದೆ.

ಹಾಗಾಗಿ ಪೆಟ್ಟು ಬೀಳುವ ಮೊದಲೇ ಎಚ್ಚರಿಸುವ ಅಳತೆ ಇಂದಿಗೂ ಕಾಳಿನದೇ. ರತನ್, ಪ್ರತೀಕ್, ಮಹಾತಿವಡಾ ಎಂಬ ಕಡಿಮೆ ಒಡಾಪ್ ತಳಿಗಳು ಬಂದಿವೆ. ಅವುಗಳ ಆಧಾರದ ಮೇಲೆಯೇ 2016ರ ಹೊತ್ತಿಗೆ ನಿಷೇಧ ತೆಗೆಯುವ ಮಾತು ಬಂತು. ಆದರೆ ತಳಿಯೊಂದೇ ಸಾಲದು. ಕೂಲಿಯವನ ತಟ್ಟೆಯಲ್ಲಿ ಆ ಬೇಳೆಯ ಪಕ್ಕ ಬೇರೆ ಧಾನ್ಯವೂ ಇದೆಯೇ ಎಂಬುದನ್ನು ಯಾವ ಪ್ರಯೋಗಾಲಯವೂ ಅಳೆದು ಹೇಳಲಾರದು.