ಫ್ಯೂಷನಿಸಂ

ಫ್ಯೂಷನಿಸಂ (ಸಮ್ಮಿಲನವಾದ) ಎಂಬುದು ವ್ಯಕ್ತಿಸ್ವಾತಂತ್ರ್ಯವಾದ (ಲಿಬರ್ಟೇರಿಯನಿಸಂ) ಮತ್ತು ಸಂಪ್ರದಾಯವಾದಗಳನ್ನು ಒಂದುಗೂಡಿಸಲು ಯತ್ನಿಸಿದ ಅಮೆರಿಕದ ರಾಜಕೀಯ ಚಿಂತನಾಧಾರೆ. ಇದು 1950 ಮತ್ತು 1960ರ ದಶಕಗಳಲ್ಲಿ ರೂಪುಗೊಂಡಿತು. ಲೇಖಕ ಫ್ರಾಂಕ್ ಎಸ್. ಮೇಯರ್ (1909–1972) ಇದರ ಪ್ರಮುಖ ಪ್ರತಿಪಾದಕರು. ಸರ್ಕಾರದ ಅಧಿಕಾರಕ್ಕೆ ಮಿತಿಯಿರಬೇಕು, ಸಮಾಜದಲ್ಲಿ ನೀತಿಯೂ ಉಳಿಯಬೇಕು ಎಂಬ ಎರಡು ಆಶಯಗಳು ಪರಸ್ಪರ ಪೂರಕವೆಂಬುದು ಇದರ ಮೂಲ ನಿಲುವು.

ಹಿನ್ನೆಲೆ

1930ರ ದಶಕದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರಿಗೊಳಿಸಿದ ‘ನ್ಯೂ ಡೀಲ್’ ಕಾರ್ಯಕ್ರಮಗಳಿಂದ ಒಕ್ಕೂಟ ಸರ್ಕಾರದ ವ್ಯಾಪ್ತಿ ಬಹಳವಾಗಿ ಹೆಚ್ಚಿತು. ಇದನ್ನು ಎರಡು ಗುಂಪುಗಳು ಬೇರೆ ಬೇರೆ ಕಾರಣಗಳಿಗಾಗಿ ವಿರೋಧಿಸಿದವು. ಮೊದಲನೆಯ ಗುಂಪಿಗೆ ಆರ್ಥಿಕ ಸ್ವಾತಂತ್ರ್ಯವೇ ಮುಖ್ಯವಾಗಿತ್ತು. ಫ್ರೆಡ್ರಿಕ್ ಹಾಯೆಕ್ ಅವರ ‘ದಿ ರೋಡ್ ಟು ಸರ್ಫ್‌ಡಂ’ (1944) ಇದರ ಮೇಲೆ ಗಾಢ ಪ್ರಭಾವ ಬೀರಿತು. ಎರಡನೆಯ ಗುಂಪು ಧರ್ಮ, ಕುಟುಂಬ ಹಾಗೂ ಪರಂಪರೆಗಳ ರಕ್ಷಣೆಯನ್ನು ಬಯಸಿತು. ರಸೆಲ್ ಕರ್ಕ್ ಅವರ ‘ದಿ ಕನ್ಸರ್ವೇಟಿವ್ ಮೈಂಡ್’ (1953) ಇದರ ಪ್ರಮುಖ ಗ್ರಂಥ. ವಿಲಿಯಂ ಎಫ್. ಬಕ್ಲಿ 1955ರಲ್ಲಿ ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯು ಇವೆರಡಕ್ಕೂ ಸಮಾನ ವೇದಿಕೆಯಾಯಿತು. ಕಮ್ಯುನಿಸಂನ ವಿರೋಧ ಅವರನ್ನು ಹತ್ತಿರ ತಂದಿತು.

ಮೇಯರ್ ಅವರ ವಾದ

ಯೌವನದಲ್ಲಿ ಕಮ್ಯುನಿಸ್ಟರಾಗಿದ್ದ ಮೇಯರ್ ಬಳಿಕ ಆ ಸಿದ್ಧಾಂತವನ್ನು ತೊರೆದರು. ಅವರ ‘ಇನ್ ಡಿಫೆನ್ಸ್ ಆಫ್ ಫ್ರೀಡಂ’ (1962) ಗ್ರಂಥದ ಪ್ರಕಾರ ಸದ್ಗುಣವು ಮನುಷ್ಯಜೀವನದ ಗುರಿ. ಆದರೆ ಬಲಾತ್ಕಾರದಿಂದ ಬಂದದ್ದು ಸದ್ಗುಣವೇ ಅಲ್ಲ. ಉದಾಹರಣೆಗೆ, ಶಿಕ್ಷೆಗೆ ಅಂಜಿ ಕೊಟ್ಟ ಹಣ ದಂಡವಾದೀತೇ ಹೊರತು ದಾನವಾಗಲಾರದು. ಆದ್ದರಿಂದ ದೇಶರಕ್ಷಣೆ, ಆಂತರಿಕ ಶಾಂತಿಪಾಲನೆ ಮತ್ತು ನ್ಯಾಯದಾನ ಮಾತ್ರ ಸರ್ಕಾರದ ಕರ್ತವ್ಯಗಳು. ನೀತಿಯನ್ನು ಬೆಳೆಸುವ ಹೊಣೆ ಕುಟುಂಬ, ಚರ್ಚ್ ಮೊದಲಾದ ಸಂಸ್ಥೆಗಳದು.

ಟೀಕೆಗಳು

‘ಫ್ಯೂಷನಿಸಂ’ ಎಂಬ ಹೆಸರು ಮೇಯರ್ ಇಟ್ಟದ್ದಲ್ಲ, ವಿಮರ್ಶಕ ಎಲ್. ಬ್ರೆಂಟ್ ಬೋಜೆಲ್ ಬಳಸಿದ್ದು. ಸ್ವಾತಂತ್ರ್ಯಕ್ಕಿಂತ ಸದ್ಗುಣ ಹಿರಿದು, ಅದನ್ನು ಪೋಷಿಸಲು ಸರ್ಕಾರವೂ ನೆರವಾಗಬೇಕು ಎಂಬುದು ಬೋಜೆಲ್ ವಾದ. ಇನ್ನೊಂದು ಕಡೆ ಹಾಯೆಕ್, ತಾವೇಕೆ ಸಂಪ್ರದಾಯವಾದಿಯಲ್ಲ ಎಂಬುದನ್ನು 1960ರ ಪ್ರಬಂಧವೊಂದರಲ್ಲಿ ವಿವರಿಸಿದರು. ಸಂಪ್ರದಾಯವಾದಿಗಳು ಬದಲಾವಣೆಗೆ ಅಂಜುತ್ತಾರೆ, ತಮ್ಮವರ ಕೈಯಲ್ಲಿರುವ ಅಧಿಕಾರವನ್ನು ಪ್ರಶ್ನಿಸುವುದಿಲ್ಲ ಎಂಬುದು ಅವರ ಆಕ್ಷೇಪ.

ರಾಜಕೀಯ ಪರಿಣಾಮ

1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಧಾರೆಗೆ ಹತ್ತಿರವಾಗಿದ್ದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಕೇವಲ 6 ರಾಜ್ಯಗಳಲ್ಲಿ ಗೆದ್ದು ಸೋತರು. 1969ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ‘ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ’ ಸಂಘಟನೆಯ ಸಮಾವೇಶದಲ್ಲಿ ವಿಯೆಟ್ನಾಂ ಯುದ್ಧ ಮತ್ತು ಕಡ್ಡಾಯ ಸೈನ್ಯಸೇವೆಯ ವಿಷಯವಾಗಿ ಒಡಕು ಉಂಟಾಯಿತು. ಯುವಕರನ್ನು ಬಲವಂತವಾಗಿ ಯುದ್ಧಕ್ಕೆ ಕಳುಹಿಸುವುದು ವ್ಯಕ್ತಿಸ್ವಾತಂತ್ರ್ಯವಾದಿಗಳಿಗೆ ಒಪ್ಪಿಗೆಯಾಗಲಿಲ್ಲ. 1971ರಲ್ಲಿ ಪ್ರತ್ಯೇಕ ಲಿಬರ್ಟೇರಿಯನ್ ಪಕ್ಷ ಸ್ಥಾಪನೆಯಾಯಿತು.

1980ರಲ್ಲಿ ರೊನಾಲ್ಡ್ ರೇಗನ್ ಅಧ್ಯಕ್ಷರಾಗಿ ಆಯ್ಕೆಯಾದದ್ದನ್ನು ಈ ಧಾರೆಯ ಅತಿದೊಡ್ಡ ಯಶಸ್ಸೆಂದು ಪರಿಗಣಿಸಲಾಗುತ್ತದೆ. ಅವರ ಆಡಳಿತದಲ್ಲಿ ಆದಾಯ ತೆರಿಗೆಯ ದರಗಳು ಇಳಿದವು. ಆದರೆ ರಕ್ಷಣಾ ವೆಚ್ಚ ಏರಿತು, ಮಾದಕ ವಸ್ತುಗಳ ವಿರುದ್ಧದ ಕಾನೂನುಗಳು ಬಿಗಿಯಾದವು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾದ ಮೇಲೆ ಎರಡೂ ಬಣಗಳನ್ನು ಬೆಸೆದಿದ್ದ ಸಮಾನ ಎದುರಾಳಿ ಇಲ್ಲವಾಯಿತು. ತೆರಿಗೆ, ಆಸ್ತಿಯ ಹಕ್ಕು, ಬಂದೂಕು ಹೊಂದುವ ಹಕ್ಕುಗಳ ವಿಷಯದಲ್ಲಿ ಅವು ಇಂದಿಗೂ ಬಹುಮಟ್ಟಿಗೆ ಒಂದಾಗಿವೆ. ವಲಸೆ, ಮಾದಕ ವಸ್ತು, ಸಲಿಂಗ ವಿವಾಹ ಮತ್ತು ಆಮದು ಸುಂಕದ ಪ್ರಶ್ನೆಗಳಲ್ಲಿ ಭಿನ್ನಾಭಿಪ್ರಾಯ ಮುಂದುವರಿದಿದೆ.