ಘಟವೂ ಹುತ್ತವೂ: ಉದಯನಾಚಾರ್ಯರ ಈಶ್ವರಾನುಮಾನ

ಜಗತ್ತನ್ನು ನೋಡಿ ಜಗತ್ಕರ್ತನನ್ನು ಊಹಿಸುವುದು ಮನುಷ್ಯಬುದ್ಧಿಗೆ ಸಹಜವಾದುದು. ಆದರೆ ಆ ಊಹೆಯು ಪ್ರಮಾಣವೆನಿಸಬೇಕಾದರೆ ಅದನ್ನೊಪ್ಪದವನ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಭರತಖಂಡದಲ್ಲಿ ಹಲವು ಶತಮಾನಗಳ ಕಾಲ ನಡೆದ ಈ ಪರೀಕ್ಷೆಯಲ್ಲಿ ಈಶ್ವರವಾದಿಗಳ ಪ್ರಧಾನಗ್ರಂಥವೆನಿಸಿದುದು ಮಿಥಿಲೆಯ ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’. ಅವರ ‘ಲಕ್ಷಣಾವಳಿ’ಯ ಪ್ರಚಲಿತ ಪಾಠದಂತೆ ಆ ಗ್ರಂಥದ ಕಾಲವು ಶಕ 906, ಎಂದರೆ ಕ್ರಿ. ಶ. 984. ಬೌದ್ಧಪಂಡಿತನಾದ ಜ್ಞಾನಶ್ರೀಮಿತ್ರನ ಮತವನ್ನು ಅವರು ಖಂಡಿಸಿರುವುದರಿಂದ, ಹನ್ನೊಂದನೆಯ ಶತಮಾನಕ್ಕೆ ಅವರನ್ನು ಇಳಿಸುವ ವಿದ್ವಾಂಸರೂ ಉಂಟು.

‘ಕುಸುಮಾಂಜಲಿ’ಯಲ್ಲಿ ಐದು ಸ್ತಬಕಗಳಿವೆ. ಮೊದಲ ನಾಲ್ಕು ಪ್ರತಿವಾದಿಗಳ ಆಕ್ಷೇಪಗಳಿಗೆ ಸಮಾಧಾನ ಹೇಳುತ್ತವೆ; ಐದನೆಯದು ಸಾಧಕಹೇತುಗಳನ್ನು ನಿರೂಪಿಸುತ್ತದೆ. ಅವುಗಳಲ್ಲಿ ಮೊದಲನೆಯದು ಕಾರ್ಯತ್ವ. ಘಟವು ಕಾರ್ಯ, ಅದಕ್ಕೆ ಕುಂಬಾರನುಂಟು. ಭೂಮಿ, ಅಂಕುರ ಮೊದಲಾದವುಗಳೂ ಅವಯವಗಳಿಂದ ಕೂಡಿ ಹುಟ್ಟಿದ ಕಾರ್ಯಗಳೇ. ಆದಕಾರಣ ಅವುಗಳಿಗೂ ಬುದ್ಧಿಮಂತನಾದ ಕರ್ತನೊಬ್ಬನು ಇರಲೇಬೇಕು.

ಈ ವಾದಕ್ಕೆ ಬಿದ್ದ ಪ್ರಬಲವಾದ ಪೆಟ್ಟು ಉದಯನರಿಗಿಂತ ಬಹು ಹಿಂದಿನದು. ಏಳನೆಯ ಶತಮಾನದ ಧರ್ಮಕೀರ್ತಿಯು ‘ಪ್ರಮಾಣವಾರ್ತಿಕ’ದಲ್ಲಿ ಹುತ್ತದ ದೃಷ್ಟಾಂತವನ್ನು ತಂದನು. ಮಣ್ಣಿನಿಂದಾದ ಆಕಾರವೆಂಬಷ್ಟರಿಂದಲೇ ಘಟಕ್ಕೆ ಕುಂಬಾರನನ್ನು ಊಹಿಸುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆನ್ನಬೇಕಾದೀತು. ರಚನೆಯೆಂಬ ಶಬ್ದವು ಒಂದೇ ಆದರೂ ಅರಮನೆಯ ರಚನೆಯೂ ಪರ್ವತದ ರಚನೆಯೂ ಒಂದೇ ಜಾತಿಯವಲ್ಲ. ಶಬ್ದಸಾಮ್ಯದಿಂದ ವ್ಯಾಪ್ತಿಯು ಸಿದ್ಧಿಸಲಾರದು.

ನೈಯಾಯಿಕರು ಇದಕ್ಕೆ ಧೂಮದ ನಿದರ್ಶನದಿಂದ ಉತ್ತರವಿತ್ತರು. ಅಡಿಗೆಮನೆಯ ಹೊಗೆಗೂ ಬೆಟ್ಟದ ಹೊಗೆಗೂ ಭೇದಗಳೆಷ್ಟಿದ್ದರೂ ಧೂಮಸಾಮಾನ್ಯದಿಂದ ಅಗ್ನಿಸಾಮಾನ್ಯದ ಅನುಮಾನವು ಕೆಡುವುದಿಲ್ಲ. ಹಾಗೆಯೇ ಕಾರ್ಯಸಾಮಾನ್ಯದಿಂದ ಕರ್ತೃಸಾಮಾನ್ಯವು ಸಿದ್ಧಿಸುವುದು. ಕಾಡಿನಲ್ಲಿ ತಾನಾಗಿ ಮೊಳೆತ ಅಂಕುರವನ್ನು ಪ್ರತಿವಾದಿಯು ತೋರಿಸಲಾಗದು, ಏಕೆಂದರೆ ಅದರ ವಿಷಯವಾಗಿಯೇ ವಿವಾದವಿದೆ. ಕುಂಬಾರನಂತೆ ಈಶ್ವರನಿಗೂ ಶರೀರ ಬೇಕಾಗದೇ ಎಂದರೆ, ಕರ್ತೃತ್ವವೆಂಬುದು ಜ್ಞಾನ, ಚಿಕೀರ್ಷೆ, ಪ್ರಯತ್ನ ಇವುಗಳಲ್ಲಿದೆ, ದೇಹದಲ್ಲಿಲ್ಲವೆಂಬುದು ಅವರ ಸಮಾಧಾನ.

ಕನ್ನಡನಾಡಿಗೆ ಈ ವಿವಾದವು ಅಪರಿಚಿತವಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತ ‘ಆದಿಪುರಾಣ’ದೊಳಗೆ ಸೃಷ್ಟಿಕರ್ತನ ಕಲ್ಪನೆಯನ್ನು ಯುಕ್ತಿಯಿಂದ ನಿರಾಕರಿಸಿದರು, 941ರ ಪಂಪನ ‘ಆದಿಪುರಾಣ’ಕ್ಕೆ ಆ ಗ್ರಂಥವೇ ಆಕರ. ಜೈನರ ಈ ನಿರಾಕರಣವು ಅವರ ಸಿದ್ಧಾಂತಕ್ಕೆ ಅನುಗುಣವಾದುದು. ಪರಮಾಸ್ತಿಕರಾಗಿ ಮೇಲುಕೋಟೆಯಲ್ಲಿ ಹಲವು ವರ್ಷ ನೆಲಸಿದ್ದ ರಾಮಾನುಜಾಚಾರ್ಯರೂ ಈ ಅನುಮಾನವನ್ನು ತಳ್ಳಿಹಾಕಿದುದೇ ಹೆಚ್ಚು ವಿಚಾರಾರ್ಹವಾದುದು. ‘ಶಾಸ್ತ್ರಯೋನಿತ್ವ’ವನ್ನು ಹೇಳುವ ಬ್ರಹ್ಮಸೂತ್ರಕ್ಕೆ ಶ್ರೀಭಾಷ್ಯವನ್ನು ಬರೆಯುವಾಗ ಅವರು ಕೇಳುವ ಪ್ರಶ್ನೆಗಳು ನಿಷ್ಠುರವಾಗಿವೆ: ಭೂಮಿ, ಸಮುದ್ರ ಮೊದಲಾದವುಗಳು ಕಾರ್ಯಗಳೇ ಆಗಿರಲಿ, ಅವೆಲ್ಲವೂ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದುವೆಂಬುದಕ್ಕೆ ಪ್ರಮಾಣವೇನು? ವಿಶೇಷ ಪುಣ್ಯದಿಂದ ಶಕ್ತಿಯನ್ನು ಪಡೆದ ಅನೇಕ ಜೀವರು ಬೇರೆ ಬೇರೆ ಕಾಲಗಳಲ್ಲಿ ಅವುಗಳನ್ನು ಏಕೆ ಮಾಡಿರಬಾರದು? ವಾಸ್ತವವಾಗಿ ಹುತ್ತವೂ ಅಸಂಖ್ಯವಾದ ಗೆದ್ದಲುಗಳು ಕೂಡಿ ಕಟ್ಟಿದುದೆಂಬುದನ್ನು ನೆನೆದರೆ ಈ ಆಕ್ಷೇಪದ ಬಲವು ಸ್ಪಷ್ಟವಾಗುವುದು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು 1779ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲಿ ಎತ್ತಿದ ಅನೇಕಕರ್ತೃಗಳ ಶಂಕೆಯೂ ಇದನ್ನೇ ಹೋಲುವುದು.

ಹಾಗಾದರೆ ಉದಯನರು ಶಾಸ್ತ್ರವನ್ನೇ ಏಕೆ ಆಶ್ರಯಿಸಲಿಲ್ಲ? ನ್ಯಾಯಮತದಲ್ಲಿ ವೇದದ ಪ್ರಾಮಾಣ್ಯವು ಅದರ ಕರ್ತನಾದ ಈಶ್ವರನ ಆಪ್ತತ್ವದಿಂದ ಬಂದುದು. ವೇದದಿಂದ ಈಶ್ವರನನ್ನೂ ಈಶ್ವರನಿಂದ ವೇದವನ್ನೂ ಸಾಧಿಸಹೊರಟರೆ ಅನ್ಯೋನ್ಯಾಶ್ರಯದೋಷವು ತಪ್ಪದು. ಇದಲ್ಲದೆ, ವೇದವನ್ನೊಪ್ಪದ ಬೌದ್ಧನೊಡನೆ ವಾದಿಸಬೇಕಾದರೆ ಉಭಯಸಮ್ಮತವಾದ ಪ್ರಮಾಣವೇ ಬೇಕು. ರಾಮಾನುಜರಿಗೆ ವೇದವು ಅಪೌರುಷೇಯವಾದುದರಿಂದ ಈ ಸಂಕಟವಿರಲಿಲ್ಲ. ಒಂದೇ ಅನುಮಾನವು ಒಬ್ಬ ಆಸ್ತಿಕನಿಗೆ ಅನಿವಾರ್ಯವೂ ಇನ್ನೊಬ್ಬನಿಗೆ ಅನಾವಶ್ಯಕವೂ ಆದುದಕ್ಕೆ ಇದು ಮುಖ್ಯಕಾರಣ.

ಆದುದರಿಂದ ಈಶ್ವರಾನುಮಾನದ ಖಂಡನವನ್ನೆಲ್ಲ ನಾಸ್ತಿಕವೆಂದೆಣಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಉದಯನರನ್ನು ಶುಷ್ಕತಾರ್ಕಿಕರೆಂದು ತಳ್ಳುವುದೂ ಸಲ್ಲದು. ಶ್ರವಣದ ತರುವಾಯ ಬರುವ ಮನನವೆಂಬ ಉಪಾಸನೆಯನ್ನೇ ಈ ನ್ಯಾಯಚರ್ಚೆಯ ರೂಪದಲ್ಲಿ ಮಾಡುತ್ತಿರುವುದಾಗಿ ಅವರು ಗ್ರಂಥಾರಂಭದಲ್ಲಿಯೇ ಹೇಳಿದ್ದಾರೆ. ಪ್ರತಿವಾದಿಯ ಪ್ರಶ್ನೆಯನ್ನು ಪೂರ್ಣವಾಗಿ ಕೇಳಿ ಉತ್ತರಿಸುವುದೂ ಆ ಉಪಾಸನೆಯ ಅಂಗವೇ ಆಗಿದ್ದಿತೆಂಬುದಕ್ಕೆ ಮೊದಲ ನಾಲ್ಕು ಸ್ತಬಕಗಳು ಸಾಕ್ಷಿಯಾಗಿವೆ.