ಕರಿಗುದುರೆಯ ಕಾವಲು: ಫುಲ್ಡಾದ ಅಮೆರಿಕನ್ ದಂಡಿನ ನೆನಪು

ಬೆಳಗಿನ ಜಾವ ಸೈರನ್ ಕೂಗಿತೆಂದರೆ ಅದು ಕವಾಯತೋ ನಿಜವಾದ ಯುದ್ಧವೋ ಎಂದು ಯಾರೂ ಹೇಳುತ್ತಿರಲಿಲ್ಲ. ಕೈಗೆ ಸಿಕ್ಕ ಸಮವಸ್ತ್ರ ಏರಿಸಿಕೊಂಡು ಓಡಬೇಕು, ಶಸ್ತ್ರಾಗಾರದ ಮುಂದೆ ಸಾಲಿನಲ್ಲಿ ನಿಂತು ಬಂದೂಕು ಪಡೆಯಬೇಕು, ಚಳಿಗೆ ಮರಗಟ್ಟಿದ ಟ್ಯಾಂಕಿನ ಎಂಜಿನ್ ಎಬ್ಬಿಸಬೇಕು, ಗೇಟು ದಾಟಬೇಕು. ‘ಲ್ಯಾರಿಯಟ್ ಅಡ್ವಾನ್ಸ್’ ಎಂಬುದು ಇದಕ್ಕಿದ್ದ ಸಂಕೇತನಾಮ. ಶೀತಲ ಸಮರದ ಕಾಲದಲ್ಲಿ ಜರ್ಮನಿಯಲ್ಲಿದ್ದ ಅಮೆರಿಕನ್ ಸೈನಿಕರು ಈಗ ಮುದುಕರಾಗಿದ್ದಾರೆ. ಎಲ್ಲ ಮರೆತವರಿಗೂ ಈ ಎರಡು ಪದ ಮರೆತಿಲ್ಲ. ಊರಾಚೆ ಹೋಗಿ ಕಾಡಿನಂಚಿನಲ್ಲಿ ಗಂಟೆಗಟ್ಟಲೆ ಕಾದ ಮೇಲೆ ‘ಸಾಕು, ವಾಪಸ್ ಹೊರಡಿ’ ಎಂಬ ಆಜ್ಞೆ ಬರುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು. ಆದರೆ ಈ ಸಲವೂ ಬರುತ್ತದೆಯೇ ಎಂಬುದು ಆ ಚಳಿಯಲ್ಲಿ ಕೂತವನಿಗೆ ಗೊತ್ತಿರುತ್ತಿರಲಿಲ್ಲ.

ಫುಲ್ಡಾ ಜರ್ಮನಿಯ ಹೆಸ್ಸೆ ಪ್ರಾಂತ್ಯದ ಹಳೆಯ ಊರು. 744ರಲ್ಲಿ ಇಲ್ಲೊಂದು ಕ್ರೈಸ್ತ ಮಠ ಹುಟ್ಟಿತು. ಸಂತ ಬೋನಿಫೇಸನ ಸಮಾಧಿ ಇಲ್ಲಿನ ಪ್ರಧಾನ ಚರ್ಚಿನಲ್ಲಿದೆ. ಗಂಟೆಗಳ ನಾದ, ಯಾತ್ರಿಕರು, ಬಿಷಪ್ಪರ ಸಭೆಗಳು ಈ ಊರಿನ ಗುರುತು. ಅಮೆರಿಕನ್ ಸೇನೆಯ ನಕ್ಷೆಯಲ್ಲಿ ಮಾತ್ರ ಅದು ‘ಫುಲ್ಡಾ ಗ್ಯಾಪ್’. ಎರಡೂ ಬದಿ ಗುಡ್ಡ, ನಡುವೆ ತಗ್ಗು, ತಗ್ಗಿನ ಕೊನೆಯಲ್ಲಿ ಫ್ರಾಂಕ್‌ಫರ್ಟ್. ಪೂರ್ವದಿಂದ ಟ್ಯಾಂಕುಗಳು ಬರುವುದಾದರೆ ಇದೇ ದಾರಿ ಎಂಬ ಲೆಕ್ಕ. ಲೆಕ್ಕಕ್ಕೆ ಇತಿಹಾಸದ ಆಧಾರವೂ ಇತ್ತು. 1813ರಲ್ಲಿ ಲೈಪ್‌ಜಿಗ್‌ನಲ್ಲಿ ಸೋತ ನೆಪೋಲಿಯನ್ ಸೈನ್ಯ ಸಮೇತ ಹಿಂದಿರುಗಿದ್ದು ಫುಲ್ಡಾ ಮಾರ್ಗವಾಗಿಯೇ. ಎದುರಿಗೆ ಪೂರ್ವ ಜರ್ಮನಿಯ ವೈಮಾರ್ ಬಳಿಯ ನೋರಾದಲ್ಲಿ ಸೋವಿಯತ್ತಿನ 8ನೇ ಗಾರ್ಡ್ಸ್ ಸೈನ್ಯದ ಕೇಂದ್ರವಿತ್ತು. ಸ್ಟಾಲಿನ್‌ಗ್ರಾಡ್ ನಗರದೊಳಗೆ ನಿಂತು ಕಾದಾಡಿದ 62ನೇ ಸೈನ್ಯವೇ ಆ ಹೆಸರು ಪಡೆದದ್ದು. ಇಪ್ಪತ್ತರ ಹರೆಯದ ಅಮೆರಿಕನ್ ಹುಡುಗರಿಗೆ ತಾವು ಯಾರ ಎದುರು ಕಾವಲಿದ್ದೇವೆ ಎಂಬುದನ್ನು ಹೇಳಿಕೊಡಲು ಈ ಒಂದು ವಿವರ ಸಾಕಾಗುತ್ತಿತ್ತು.

ಕಥೆ ಆರಂಭವಾದದ್ದು ಎರಡನೆಯ ಮಹಾಯುದ್ಧ ಮುಗಿದು, ಗೆದ್ದವರು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡ ಕೂಡಲೆ. 1945ರ ಸೆಪ್ಟೆಂಬರ್ 17ರಂದು ವಾನ್‌ಫ್ರೀಡ್ ಎಂಬಲ್ಲಿ ಅಮೆರಿಕನ್ನರೂ ಸೋವಿಯತ್ತರೂ ಕೂತು ಕೆಲವು ಹಳ್ಳಿಗಳನ್ನು ಅದಲುಬದಲು ಮಾಡಿಕೊಂಡರು. ಒಂದು ರೈಲು ಹಳಿ ಪೂರ್ತಿಯಾಗಿ ಅಮೆರಿಕನ್ ವಲಯದಲ್ಲೇ ಇರಲಿ ಎಂಬುದಷ್ಟೇ ಕಾರಣ. ಒಪ್ಪಂದದ ನಂತರ ಎರಡೂ ಕಡೆಯವರು ಬಾಟಲಿ ಬದಲಾಯಿಸಿಕೊಂಡರಂತೆ. ಜನ ಆ ಹಳಿಯನ್ನು ‘ವಿಸ್ಕಿ-ವೋಡ್ಕಾ ಲೈನು’ ಎಂದು ಕರೆದರು. ಮನೆ ಮಠ ಒಂದು ರಾತ್ರಿಯಲ್ಲಿ ಇನ್ನೊಂದು ಸಾಮ್ರಾಜ್ಯಕ್ಕೆ ಸೇರಿಹೋದ ರೈತನಿಗೆ ಈ ತಮಾಷೆ ರುಚಿಸಿರಲಾರದು.

1946ರಲ್ಲಿ ಅಮೆರಿಕನ್ ವಲಯದ ಶಾಂತಿಪಾಲನೆಗೆ ‘ಕಾನ್‌ಸ್ಟಾಬ್ಯುಲರಿ’ ಎಂಬ ವಿಶೇಷ ಪಡೆ ಬಂತು. ಕುತ್ತಿಗೆಗೆ ಹಳದಿ ಸ್ಕಾರ್ಫ್, ಹೆಲ್ಮೆಟ್ಟಿಗೆ ಹಳದಿ ಪಟ್ಟಿ. ಜರ್ಮನ್ನರು ಅವರಿಗೆ ಇಟ್ಟ ಅಡ್ಡಹೆಸರು ‘ಆಲೂಗಡ್ಡೆ ಹುಳ’. ಅದೇ ಪಡೆಯಿಂದ ರೂಪುಗೊಂಡ 14ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟು ಎರಡು ದಶಕ ಫುಲ್ಡಾದಲ್ಲಿ ನೆಲೆ ನಿಂತಿತು. 1972ರಲ್ಲಿ ವಿಯೆಟ್ನಾಮಿನಿಂದ ಬಂದ 11ನೇ ರೆಜಿಮೆಂಟಿನ ಧ್ವಜ ಆ ಜಾಗದಲ್ಲಿ ಏರಿತು. ಅದರ ತೋಳುಪಟ್ಟಿಯ ಮೇಲೆ ಹಿಂಗಾಲಲ್ಲಿ ನಿಂತ ಕಪ್ಪು ಕುದುರೆ, ಹಾಗಾಗಿ ‘ಬ್ಲ್ಯಾಕ್‌ಹಾರ್ಸ್’. ಕುದುರೆ ಹೋಗಿ ಟ್ಯಾಂಕು ಬಂದು ಎಷ್ಟೋ ಕಾಲವಾಗಿದ್ದರೂ ತುಕಡಿಗಳಿಗೆ ಸ್ಕ್ವಾಡ್ರನ್, ಟ್ರೂಪ್ ಎಂಬ ಅಶ್ವದಳದ ಹೆಸರುಗಳೇ ಉಳಿದವು. ರೆಜಿಮೆಂಟಿನ ಮುಖ್ಯ ನೆಲೆ ಫುಲ್ಡಾದ ಡೌನ್ಸ್ ಬ್ಯಾರಕ್ಸ್. ಎರಡನೆಯ ಸ್ಕ್ವಾಡ್ರನ್ ಬಾಡ್ ಕಿಸ್ಸಿಂಗೆನ್‌ನಲ್ಲಿ, ಮೂರನೆಯದು ಬಾಡ್ ಹೆರ್ಸ್‌ಫೆಲ್ಡ್‌ನಲ್ಲಿ.

ಅವರ ಕೆಲಸದ ಸ್ವರೂಪ ನೋಡಬೇಕೆಂದರೆ ರಾಸ್ಡೋರ್ಫ್ ಹಳ್ಳಿಯ ಮೇಲಿನ ಗುಡ್ಡ ಹತ್ತಬೇಕು. ‘ಪಾಯಿಂಟ್ ಆಲ್ಫಾ’ ಎಂಬ ಕಾವಲು ಠಾಣೆ ಇದ್ದದ್ದು ಅಲ್ಲಿ. ಮೊದಲು ಮರದ ಗೋಪುರ, 1980ರ ದಶಕದಲ್ಲಿ ಕಾಂಕ್ರೀಟಿನದು. ಅದರ ಕಣ್ಣೆದುರೇ ಗಡಿಯ ತಂತಿಬೇಲಿ, ಬೇಲಿಯಾಚೆ ಪೂರ್ವ ಜರ್ಮನಿಯ ಕಾವಲು ಗೋಪುರ, ಅದರ ಹಿಂದೆ ಗೈಸಾ ಎಂಬ ಪುಟ್ಟ ಊರು. ಸೋವಿಯತ್ ಬಣದ ವಾರ್ಸಾ ಒಕ್ಕೂಟದ ಅತ್ಯಂತ ಪಶ್ಚಿಮದ ಪಟ್ಟಣ ಅದೇ. ತುಕಡಿಗಳು ಸರದಿಯ ಮೇಲೆ ಕೆಲವು ವಾರ ಇಲ್ಲಿ ಬಂದು ಇರುತ್ತಿದ್ದವು. ಮಾಮೂಲಿ ದಿನಗಳಲ್ಲಿ ಸುಮಾರು ನಲವತ್ತು ಜನ. ಪರಿಸ್ಥಿತಿ ಬಿಗಡಾಯಿಸಿದರೆ ಇನ್ನೂರರವರೆಗೆ.

ಏನು ಮಾಡುತ್ತಿದ್ದರು? ನೋಡುತ್ತಿದ್ದರು. ಎದುರಿನ ಗೋಪುರದಲ್ಲಿ ಪಾಳಿ ಬದಲಾದದ್ದನ್ನು, ಬೇಲಿಯ ಪಕ್ಕದ ರಸ್ತೆಯಲ್ಲಿ ಟ್ರಕ್ಕು ಹೋದದ್ದನ್ನು, ಗೆಯ್ಮೆಗೆ ಬಂದ ಟ್ರ್ಯಾಕ್ಟರನ್ನು ನೋಡಿ ಗಂಟೆ ನಿಮಿಷ ಸಮೇತ ಪುಸ್ತಕದಲ್ಲಿ ಬರೆಯುತ್ತಿದ್ದರು. ಅತ್ತ ಕಡೆಯವರು ಇವರ ಫೋಟೊ ತೆಗೆದರೆ ಇವರು ಅವರ ಫೋಟೊ ತೆಗೆಯುತ್ತಿದ್ದರು. ಪೂರ್ವದ ಕಾವಲುಗಾರರು ಯಾವಾಗಲೂ ಜೋಡಿಯಾಗಿಯೇ ಬರುತ್ತಿದ್ದರು. ಒಬ್ಬ ಓಡಿಹೋಗದಂತೆ ಇನ್ನೊಬ್ಬ ಕಾಯಬೇಕಿತ್ತು. ದಿನವೂ ಕಾಣುವ ಮುಖವಾದರೂ ಮಾತಿಲ್ಲ, ಕತೆಯಿಲ್ಲ, ಕೈಬೀಸುವುದಕ್ಕೂ ಅಪ್ಪಣೆಯಿಲ್ಲ. ಎದುರುಮನೆಯವರ ಜೊತೆ ಮಾತು ಬಿಟ್ಟು ಅವರು ಹೋಗಿಬರುವುದನ್ನೆಲ್ಲ ಕಿಟಕಿಯಿಂದ ಲೆಕ್ಕ ಇಡುವವರಂತೆ ನಲವತ್ತು ವರ್ಷ ಕಳೆಯಿತು.

ಮಾಜಿ ಸೈನಿಕರ ನೆನಪುಗಳಲ್ಲಿ ಆ ಗುಡ್ಡಕ್ಕಿಂತ ಅಲ್ಲಿನ ಚಳಿಯೇ ದೊಡ್ಡದು. ರ‍್ಯೋನ್ ಬೆಟ್ಟಗಳ ಮೇಲೆ ಬೀಸುವ ಗಾಳಿ, ಅಂಗೈ ಕಾಣದಂಥ ಮಂಜು, ಬೂಟಿನೊಳಗಿನ ಒದ್ದೆ, ತಗಡಿನ ಲೋಟದ ಕಾಫಿ. ದಿನಗಳನ್ನು ಎಣಿಸುವುದೇ ಒಂದು ವ್ಯಸನವಾಗಿತ್ತು. ಅಮೆರಿಕಕ್ಕೆ ಅವರು ಇಟ್ಟ ಹೆಸರು ‘ದಿ ವರ್ಲ್ಡ್’, ಅಂದರೆ ‘ಲೋಕ’. ಲೋಕಕ್ಕೆ ಮರಳುವ ದಿನ ಹತ್ತಿರವಾದವನು ‘ಶಾರ್ಟ್’. ಯುದ್ಧ ಮಾಡಿ ಬಂದವರ ನೆನಪಿನಲ್ಲಿ ಇರುವಂಥ ಏರಿಳಿತ ಇವರದರಲ್ಲಿ ಇಲ್ಲ. ಹೇಳಲು ಹೊರಟರೆ ಕತೆ ಬೇಗ ಮುಗಿದುಬಿಡುತ್ತದೆ. ಬಹುಶಃ ಅದಕ್ಕೇ ಇವರಲ್ಲಿ ಹಲವರು ಬಹುಕಾಲ ಏನೂ ಹೇಳಲಿಲ್ಲ. ವಿಯೆಟ್ನಾಮಿಗೆ ಹೋಗಿಬಂದವರ ಎದುರು ‘ನಾನು ಜರ್ಮನಿಯಲ್ಲಿದ್ದೆ’ ಎನ್ನುವುದಕ್ಕೆ ಸಂಕೋಚ.

ಬೇಲಿಯಾಚೆಯ ಬದುಕನ್ನು ಅವರು ದುರ್ಬೀನಿನಲ್ಲಷ್ಟೇ ಕಂಡರು. ಗೈಸಾ ಇದ್ದದ್ದು ಗಡಿಯಿಂದ 5 ಕಿಲೋಮೀಟರ್ ಅಗಲದ ನಿರ್ಬಂಧಿತ ಪಟ್ಟಿಯಲ್ಲಿ. ಅಲ್ಲಿಗೆ ಸೋದರಮಾವ ಬರಬೇಕೆಂದರೂ ಪರವಾನಗಿ ಬೇಕು. 1952ರಲ್ಲಿ ಸರ್ಕಾರಕ್ಕೆ ನಂಬಿಕೆ ಇಲ್ಲದವರನ್ನೆಲ್ಲ ಗಡಿಯ ಊರುಗಳಿಂದ ಒಕ್ಕಲೆಬ್ಬಿಸಿ ಒಳನಾಡಿಗೆ ಸಾಗಿಸಿದರು. ಆ ಕಾರ್ಯಾಚರಣೆಗೆ ಅಧಿಕಾರಿಗಳು ಇಟ್ಟಿದ್ದ ಹೆಸರು ‘ಕ್ರಿಮಿಕೀಟ’. 1,393 ಕಿಲೋಮೀಟರ್ ಉದ್ದದ ಗಡಿಯಲ್ಲಿ ನೆಲಬಾಂಬು ಹೂತರು. 1970ರ ದಶಕದಲ್ಲಿ, ತಂತಿ ಮುಟ್ಟಿದರೆ ತಾನಾಗಿ ಸಿಡಿಯುವ ‘ಎಸ್‌ಎಂ-70’ ಸಾಧನಗಳನ್ನು ಬೇಲಿಗೆ ಸಿಕ್ಕಿಸಿದರು. ಅವನ್ನು ಕಿತ್ತದ್ದು 1984ರಲ್ಲಿ. ಈ ಕಾವಲಿನ ಬೆಲೆ ತೆತ್ತವರಲ್ಲಿ ಮೊದಲಿಗರು ಬೇಲಿಯಾಚೆಯ ಈ ಜನ. ಅಮೆರಿಕನ್ನರ ನೆನಪಿನ ಪುಸ್ತಕಗಳಲ್ಲಿ ಅವರಿಗೆ ಸಿಕ್ಕುವುದು ಒಂದೋ ಎರಡೋ ಸಾಲು.

ಬ್ಯಾರಕ್ಸಿನ ಒಳಗೆ ಒಂದು ಪುಟ್ಟ ಅಮೆರಿಕವಿತ್ತು. ‘ಪಿಎಕ್ಸ್’ ಅಂಗಡಿ, ಸಿನಿಮಾ, ಬೌಲಿಂಗ್, ಅಮೆರಿಕನ್ ಸೇನೆಯ ಎಎಫ್‌ಎನ್ ರೇಡಿಯೊ. ಕಾಫಿ, ಸಿಗರೇಟು, ಮದ್ಯಕ್ಕೆ ರೇಷನ್ ಕಾರ್ಡು. ಗೇಟಿನಾಚೆ ಜರ್ಮನ್ನರ ಮನೆ ಬಾಡಿಗೆಗೆ ಹಿಡಿದರೆ ‘ಎಕಾನಮಿಯಲ್ಲಿ ಇದ್ದೇನೆ’ ಎನ್ನುತ್ತಿದ್ದರು. ಜರ್ಮನ್ ಭಾಷೆ ಅವರ ಬಾಯಿಗೆ ಬಂದದ್ದು ಮುಕ್ಕಾಗಿ. ‘ಪರವಾಗಿಲ್ಲ’ ಎಂಬರ್ಥದ ‘ಮಾಖ್ಟ್ ನಿಖ್ಟ್ಸ್’ ಅವರಲ್ಲಿ ‘ಮಾಕ್ಸ್ ನಿಕ್ಸ್’ ಆಯಿತು. ಸಂಜೆಗೆ ಗಾಸ್ಟ್‌ಹೌಸು ಎಂಬ ಊಟದ ಮನೆ, ಅಲ್ಲಿನ ಬಿಯರು, ತಟ್ಟೆಯಾಚೆ ಚಾಚಿಕೊಂಡ ಶ್ನಿಟ್ಸೆಲ್ ಎಂಬ ಕರಿದ ಮಾಂಸ. ಜರ್ಮನ್ ಹುಡುಗಿಯರನ್ನು ಮದುವೆಯಾಗಿ ಕರೆದೊಯ್ದವರೂ ಅಲ್ಲೇ ಉಳಿದವರೂ ಬಹಳ. ಈ ಸುಖಕ್ಕೆಲ್ಲ ಆಧಾರ ಡಾಲರು. 1961ರವರೆಗೆ ಒಂದು ಡಾಲರಿಗೆ 4.20 ಮಾರ್ಕು ಸಿಗುತ್ತಿತ್ತು. ಅಮೆರಿಕನ್ ಸಿಪಾಯಿ ಊರಿನ ಶ್ರೀಮಂತ. 1970ರ ದಶಕದ ಕೊನೆಗೆ ಎರಡು ಮಾರ್ಕೂ ಸಿಗಲಿಲ್ಲ. ಅದೇ ಗಾಸ್ಟ್‌ಹೌಸಿನಲ್ಲಿ ಕಡೇ ಮೇಜಿಗೆ ಕೂತು ಒಂದೇ ಬಿಯರನ್ನು ಎರಡು ಗಂಟೆ ಕುಡಿಯುವವನೂ ಅಮೆರಿಕನ್ನನೇ ಆದ.

ಹೆಂಡತಿ ಮಕ್ಕಳನ್ನು ಕರೆತಂದವರಿಗೆ ಇನ್ನೊಂದು ಕವಾಯತಿತ್ತು. ಕಂಬಳಿ, ಡಬ್ಬಿ ಆಹಾರ, ಕಾಗದಪತ್ರ ಕಟ್ಟಿ ಸಿದ್ಧವಾಗಿಡಬೇಕು, ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಇಳಿಯಗೊಡಬಾರದು. ಯುದ್ಧ ಬಂದರೆ ಗಂಡ ಪೂರ್ವಕ್ಕೆ ಹೊರಡುತ್ತಾನೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪಶ್ಚಿಮಕ್ಕೆ ಕಾರು ಓಡಿಸುತ್ತಾಳೆ. ರೆಜಿಮೆಂಟಿನ ಸಾಹಸದ ಪುಟಗಳಿಗಿಂತ ಮನೆಯ ಮೂಲೆಯಲ್ಲಿ ಕೂತಿದ್ದ ಆ ಗಂಟು ನನಗೆ ಹೆಚ್ಚು ಹೇಳುತ್ತದೆ.

ಈ ವಲಯದಲ್ಲಿ ಸೇವೆ ಮಾಡಿದವರಲ್ಲಿ ಹೆಸರಾಂತರೂ ಇದ್ದರು. ಗಾಯಕ ಎಲ್ವಿಸ್ ಪ್ರೆಸ್ಲಿ 1958ರಿಂದ 1960ರವರೆಗೆ ಫ್ರೀಡ್‌ಬರ್ಗ್‌ನ ರೇ ಬ್ಯಾರಕ್ಸಿನಲ್ಲಿ ಜೀಪು ಓಡಿಸಿದ. ಅವನ ಕತೆ ಎಲ್ಲರಿಗೂ ಗೊತ್ತು, ಬಿಡಿ. ಅದೇ ವರ್ಷಗಳಲ್ಲಿ ಗೆಲ್ನ್‌ಹೌಸೆನ್‌ನಲ್ಲಿ ಕಾಲಿನ್ ಪವೆಲ್ ಎಂಬ ಎಳೆಯ ಲೆಫ್ಟಿನೆಂಟು ಇದ್ದ. ಅಣು ಗುಂಡು ಹಾರಿಸುವ 280 ಮಿಲಿಮೀಟರಿನ ಫಿರಂಗಿಯನ್ನು ಕಾಯಲು ಅವನ ಪ್ಲಟೂನನ್ನು ಕಾಡಿಗೆ ಕಳಿಸಿದರು. ಹೊರಟ ಸ್ವಲ್ಪ ಹೊತ್ತಿಗೆ ಸೊಂಟ ಮುಟ್ಟಿಕೊಂಡರೆ ಪಿಸ್ತೂಲೇ ಇಲ್ಲ! ಸೇನೆಯಲ್ಲಿ ಆಯುಧ ಕಳೆದುಕೊಳ್ಳುವುದೆಂದರೆ ಬದುಕಿನ ದಾರಿಯೇ ಮುಚ್ಚಿದಂತೆ. ನಾಚಿಕೆ ನುಂಗಿ ವಯರ್‌ಲೆಸ್ಸಿನಲ್ಲಿ ತಪ್ಪೊಪ್ಪಿಕೊಂಡ. ವಾಪಸಾದಾಗ ಕ್ಯಾಪ್ಟನ್ ಪಿಸ್ತೂಲು ಕೈಗಿಟ್ಟು, ಹಳ್ಳಿಯ ಮಕ್ಕಳಿಗೆ ಸಿಕ್ಕಿತ್ತು ಎಂದು ಹೆದರಿಸಿದ. ಅಸಲಿಗೆ ಅದು ಬಿದ್ದದ್ದು ಡೇರೆಯಲ್ಲೇ. ದೂರು ದಾಖಲಾಗಲಿಲ್ಲ. ಅದೇ ಪವೆಲ್ 1986ರಲ್ಲಿ ಫ್ರಾಂಕ್‌ಫರ್ಟಿಗೆ ಈ ಇಡೀ ವಲಯದ 5ನೇ ಕೋರ್ ಎಂಬ ಪಡೆಯ ಮುಖ್ಯಸ್ಥರಾಗಿ ಬಂದರು. ಮುಂದೆ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರೂ ವಿದೇಶಾಂಗ ಮಂತ್ರಿಯೂ ಆದರು.

ಕರಿಯ ಸೈನಿಕರಿಗೆ ಜರ್ಮನಿ ಉಸಿರಾಡುವ ಜಾಗವಾಗಿತ್ತು ಎಂದು ಪವೆಲ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೋಟೆಲಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿ ಬೇಕಾದಲ್ಲಿ ಉಣ್ಣಬಹುದಿತ್ತು. ಹಿಟ್ಲರನ ವರ್ಣದ್ವೇಷವನ್ನು ಮಣಿಸಿದ ಸೈನ್ಯದಲ್ಲೇ ಕರಿಯರಿಗೆ ಬೇರೆ ತುಕಡಿ ಇತ್ತು. ಅಧ್ಯಕ್ಷ ಟ್ರೂಮನ್ 1948ರಲ್ಲಿ ಈ ಭೇದ ನಿಲ್ಲಿಸುವ ಆಜ್ಞೆ ಹೊರಡಿಸಿದರೂ ಅಂಥ ಕೊನೆಯ ತುಕಡಿ ಮುಗಿದದ್ದು 1954ರಲ್ಲಿ. 1970ರ ಆಸುಪಾಸಿಗೆ ಆ ಉಸಿರೂ ಕಟ್ಟಿತು. ವಿಯೆಟ್ನಾಮ್ ಯುದ್ಧ ಸೈನ್ಯವನ್ನು ಹೀರಿಹಾಕಿತ್ತು. ಬ್ಯಾರಕ್ಸುಗಳಲ್ಲಿ ಮಾದಕವಸ್ತು, ಕರಿಯ-ಬಿಳಿಯರ ಹೊಡೆದಾಟ, ಹಿರಿಯರ ಮಾತು ಕೇಳದ ಕಿರಿಯರು. 1972ರ ಮೇ 11ರಂದು ಎಡಪಂಥೀಯ ಉಗ್ರರು ಫ್ರಾಂಕ್‌ಫರ್ಟಿನ ಕೋರ್ ಕಚೇರಿಗೆ ಬಾಂಬಿಟ್ಟು ಒಬ್ಬ ಅಧಿಕಾರಿಯನ್ನು ಕೊಂದರು. 1973ರಲ್ಲಿ ಕಡ್ಡಾಯ ಸೇವೆ ನಿಂತು, ಒಪ್ಪಿ ಬಂದವರ ಸೈನ್ಯವಾದ ಮೇಲೆ ನಿಧಾನಕ್ಕೆ ಶಿಸ್ತು ಮರಳಿತು. ಕಾಂಬೋಡಿಯಾದಲ್ಲಿ ಗಾಯಗೊಂಡು ಒಂದು ಕಾಲು ಕಳೆದುಕೊಂಡಿದ್ದ ಫ್ರೆಡರಿಕ್ ಫ್ರಾಂಕ್ಸ್ 1982ರಿಂದ 1984ರವರೆಗೆ ಬ್ಲ್ಯಾಕ್‌ಹಾರ್ಸಿನ ಕರ್ನಲ್ ಆಗಿದ್ದರು. ಮರುಹುಟ್ಟಿನ ಆ ಪೀಳಿಗೆಗೆ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಸ್ಥಳೀಯರ ಮಾತು ಕೇಳದೆ ಈ ಕಥೆ ಹೇಳುವುದು ಅನ್ಯಾಯ. ಯುದ್ಧದ ಯೋಜನೆಯಲ್ಲಿ ಫುಲ್ಡಾ ಉಳಿಸಿಕೊಳ್ಳಬೇಕಾದ ಊರಾಗಿರಲಿಲ್ಲ, ಶತ್ರುವನ್ನು ತಡವರಿಸುವಂತೆ ಮಾಡುವ ಜಾಗವಾಗಿತ್ತು. ರಸ್ತೆ ಸೇತುವೆಗಳಲ್ಲಿ ಸ್ಫೋಟಕ ತುಂಬುವ ಗುಂಡಿಗಳನ್ನು ಮೊದಲೇ ಕೊರೆದಿಟ್ಟಿದ್ದರು. ಅಣು ನೆಲಬಾಂಬುಗಳ ಯೋಜನೆಯೂ ಇತ್ತು. 1977ರಲ್ಲಿ ಅಮೆರಿಕದ ಕಂಪನಿಯೊಂದು ‘ಫುಲ್ಡಾ ಗ್ಯಾಪ್’ ಎಂಬ ಯುದ್ಧದಾಟವನ್ನು ಮಾರುಕಟ್ಟೆಗೆ ಬಿಟ್ಟಿತು. ಪಗಡೆಯ ಹಾಸಿನಂತೆ ಬಿಚ್ಚುವ ನಕ್ಷೆಯ ಮೇಲೆ ತಮ್ಮ ಊರನ್ನೇ ಕಂಡ ಜನ ಸಿಟ್ಟಾದದ್ದು ಸಹಜ. 1980ರ ದಶಕದ ಶಾಂತಿ ಚಳವಳಿ ಆ ಆಟವನ್ನೇ ಸಾಕ್ಷಿಯಾಗಿ ಎತ್ತಿ ಹಿಡಿಯಿತು. ಕಾಯಲು ಬಂದವರ ಬಗ್ಗೆ ಕೃತಜ್ಞತೆ, ಅವರು ಕಾಯುವ ರೀತಿಯ ಬಗ್ಗೆ ಭಯ, ಎರಡೂ ಒಂದೇ ಮನೆಯಲ್ಲಿದ್ದವು.

1989ರ ನವೆಂಬರಿನಲ್ಲಿ ಗಡಿ ತೆರೆಯಿತು. ಟ್ಯಾಂಕು ಬರಬೇಕಿದ್ದ ದಾರಿಯಲ್ಲಿ ಹೊಗೆಯುಗುಳುತ್ತ ಪೂರ್ವ ಜರ್ಮನಿಯ ಟ್ರಾಬಂಟ್ ಕಾರುಗಳು ಬಂದವು. ಮರುವರ್ಷ ಗಡಿಯ ಗಸ್ತು ನಿಂತಿತು. 1991ರಲ್ಲಿ ಸೈನಿಕರು ಪಾಯಿಂಟ್ ಆಲ್ಫಾ ಬಿಟ್ಟರು. 1994ರ ಮಾರ್ಚಿನಲ್ಲಿ ಫುಲ್ಡಾದಲ್ಲಿ ರೆಜಿಮೆಂಟಿನ ಧ್ವಜ ಸುತ್ತಿಟ್ಟರು. ಡೌನ್ಸ್ ಬ್ಯಾರಕ್ಸಿನ ಜಾಗದಲ್ಲಿ ಈಗ ಮ್ಯೂನ್‌ಸ್ಟರ್‌ಫೆಲ್ಡ್ ಎಂಬ ಬಡಾವಣೆಯಿದೆ.

ಪಾಯಿಂಟ್ ಆಲ್ಫಾ ಕೆಲಕಾಲ ಆಶ್ರಯ ಕೋರಿ ಬಂದವರ ವಸತಿಯಾಗಿತ್ತು. ಆಮೇಲೆ ಕೆಡವಿಹಾಕುವ ಮಾತು ಬಂತು. ತಡೆದವರು ಊರಿನವರು. ಬೇಲಿಯ ಈಚೆಯವರೂ ಆಚೆಯವರೂ ಸೇರಿ ಅದನ್ನು ಸ್ಮಾರಕವಾಗಿ ಉಳಿಸಿದರು. 2003ರಲ್ಲಿ ‘ಗಡಿಯ ಮೇಲಿನ ಮನೆ’ ಎಂಬ ವಸ್ತುಸಂಗ್ರಹಾಲಯ ತೆರೆಯಿತು. ಸ್ಮಾರಕದ ಹೆಸರಿನಲ್ಲಿ ಕೊಡುವ ಪ್ರಶಸ್ತಿ 2005ರಲ್ಲಿ ಮೊದಲ ಬಾರಿಗೆ, ಗಡಿ ತೆರೆದಾಗ ಅಮೆರಿಕ, ಸೋವಿಯತ್ ಒಕ್ಕೂಟ, ಪಶ್ಚಿಮ ಜರ್ಮನಿಗಳ ನಾಯಕರಾಗಿದ್ದ ಹಿರಿಯ ಜಾರ್ಜ್ ಬುಷ್, ಗೋರ್ಬಚೆವ್, ಹೆಲ್ಮುಟ್ ಕೋಲ್ ಮೂವರಿಗೂ ಸಂದಿತು. ಹಳೆಯ ಗಡಿಗುಂಟ 1.4 ಕಿಲೋಮೀಟರ್ ದಾರಿಯಲ್ಲಿ ಈಗ ಲೋಹದ 14 ಶಿಲ್ಪಗಳಿವೆ, ಚರ್ಚುಗಳಲ್ಲಿ ಏಸುವಿನ ಶಿಲುಬೆಯ ಹಾದಿಯನ್ನು ತೋರಿಸುವ ಹಾಗೆ. ಮುದುಕರಾದ ಬ್ಲ್ಯಾಕ್‌ಹಾರ್ಸಿನವರು ಮೊಮ್ಮಕ್ಕಳ ಜೊತೆ ಬರುತ್ತಾರೆ. ಒಂದು ಕಾಲದಲ್ಲಿ ಕೈಬೀಸಲೂ ಆಗದಿದ್ದ ಕಡೆಗೆ ನಡೆದುಕೊಂಡೇ ಹೋಗಿ ಗೈಸಾದಲ್ಲಿ ಕಾಫಿ ಕುಡಿಯಬಹುದು.

ರೆಜಿಮೆಂಟು ಅಲ್ಲಿಗೆ ಮುಗಿಯಲಿಲ್ಲ. ಅದೇ 1994ರಲ್ಲಿ ಕ್ಯಾಲಿಫೋರ್ನಿಯಾದ ಮರಳುಗಾಡಿನ ಫೋರ್ಟ್ ಇರ್ವಿನ್‌ನಲ್ಲಿ ಕಪ್ಪು ಕುದುರೆಯ ಧ್ವಜ ಮತ್ತೆ ಏರಿತು. ಅಲ್ಲಿಗೆ ತರಬೇತಿಗೆ ಬರುವ ಅಮೆರಿಕನ್ ತುಕಡಿಗಳ ಎದುರು ಶತ್ರುವಿನ ವೇಷ ಹಾಕಿ ಕಾದಾಡುವುದು ಅದರ ಹೊಸ ಕೆಲಸ. ಮೊದಲ ವರ್ಷಗಳಲ್ಲಿ ಅವರು ಹಾಕಿದ್ದು ಸೋವಿಯತ್ ಸೈನ್ಯದ ವೇಷ.